ಜಾಗತೀಕರಣಕ್ಕೂ ಜನಾಂಗಕ್ಕೊಂದು ಬಡಾವಣೆ ಎಂಬ ಸ್ಥಿತಿಗೂ ಏನು ಸಂಬಂಧ?

ಜಗತ್ತೆಲ್ಲ ಒಂದೇ ಮಾರುಕಟ್ಟೆಯಾದ ಮೇಲೂ ಅಮೆರಿಕದ ನಗರಗಳಲ್ಲಿ ಕಪ್ಪು ಜನರೂ ಬಿಳಿಯರೂ ಬೇರೆ ಬೇರೆ ಬಡಾವಣೆಗಳಲ್ಲೇ ಏಕಿದ್ದಾರೆ ಎಂದು ಕೇಳಿದ್ದೀರಿ. ಆ ಗೆರೆಯನ್ನು ಎಳೆದವರು ಅಲ್ಲಿನ ಸರ್ಕಾರ ಮತ್ತು ಬ್ಯಾಂಕುಗಳು. ಜಾಗತೀಕರಣ ಬರುವಷ್ಟರಲ್ಲಿ ಅದು ಗಟ್ಟಿಯಾಗಿತ್ತು.

1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಳಿದು, ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತು. ಕಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟ್‌ನಲ್ಲಿ ಬಿಳಿಯರಿಗಾಗಿ ಮನೆ ಕಟ್ಟಿಸಲು ಹೊರಟ ಬಿಲ್ಡರ್ ಒಬ್ಬನಿಗೆ, ಪಕ್ಕದಲ್ಲಿ ಕಪ್ಪು ಜನರ ಬಡಾವಣೆ ಇದ್ದುದರಿಂದ ಸಾಲಕ್ಕೆ ಸರ್ಕಾರಿ ಖಾತರಿ ಸಿಗಲಿಲ್ಲ. 1941ರಲ್ಲಿ ಅವನು ನಡುವೆ ಆರಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ ಮೇಲೆ ಖಾತರಿ ಸಿಕ್ಕಿತು. ಆ ಗೋಡೆ ಇಂದಿಗೂ ಇದೆ.

1968ರ ಕಾಯ್ದೆ ಇಂಥ ಭೇದವನ್ನು ನಿಷೇಧಿಸಿತು. ಆದರೆ ಅಷ್ಟರಲ್ಲಾಗಲೇ ಕಾರು ಕಾರ್ಖಾನೆಗಳು ನಗರದಿಂದಾಚೆಗೆ, ಮುಂದೆ ಬೇರೆ ರಾಜ್ಯ, ಬೇರೆ ದೇಶಗಳಿಗೆ ಹೊರಟಿದ್ದವು. ಮನೆ ಮಾರಿ ಕೆಲಸದ ಬೆನ್ನಹಿಂದೆ ಹೋಗಲು ಬಿಳಿಯರಿಗೆ ಆಸ್ತಿಯಿತ್ತು; ಸಾಲವೇ ಸಿಗದಿದ್ದವರು ಇದ್ದಲ್ಲೇ ಉಳಿದರು. 2000ದ ನಂತರ ಅದೇ ಬಡಾವಣೆಗಳಿಗೆ ಸಬ್‌ಪ್ರೈಮ್ ಸಾಲ, ಅಂದರೆ ತೀರಿಸುವುದು ಅನುಮಾನ ಎನಿಸಿದವರಿಗೆ ದುಬಾರಿ ಬಡ್ಡಿಗೆ ಕೊಡುವ ಸಾಲ, ಹರಿದು ಬಂತು, ಆ ಸಾಲಪತ್ರಗಳು ಒಟ್ಟಾಗಿ ಜಗತ್ತಿನಾದ್ಯಂತ ಹೂಡಿಕೆದಾರರಿಗೆ ಮಾರಾಟವಾದವು. ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಸಾಲಗಾರರಿಂದ ಹೆಚ್ಚು ವಸೂಲಿ ಮಾಡಿದ ಆರೋಪದಲ್ಲಿ ಕಂಟ್ರಿವೈಡ್ ಎಂಬ ಗೃಹಸಾಲ ಸಂಸ್ಥೆಯ ಪ್ರಕರಣ 2011ರಲ್ಲಿ 33.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ನಾನು ಕೊಡಗಿನವನು. ನಮ್ಮಲ್ಲಿರುವುದು ಜನಾಂಗದ ಪ್ರಶ್ನೆಯಲ್ಲ, ಜಾತಿ ಮತ್ತು ಬುಡಕಟ್ಟಿನ ಪ್ರಶ್ನೆ. ಎರಡನ್ನೂ ಒಂದೇ ಎನ್ನುವುದು ತಪ್ಪು. ಆದರೂ ನಡೆಯುವ ಬಗೆ ನನಗೆ ಪರಿಚಿತವೆನಿಸುತ್ತದೆ. 1990ರ ದಶಕದಲ್ಲಿ ಕಾಫಿ ಮಂಡಳಿಯ ಏಕಸ್ವಾಮ್ಯ ಹೋಗಿ ಬೆಳೆಗಾರರಿಗೆ ಮುಕ್ತ ಮಾರಾಟದ ಅವಕಾಶ ಸಿಕ್ಕಿತು. ರೊಬಸ್ಟಾ ಕಾಫಿಯ ಬೆಲೆಗೆ ಈಗ ಲಂಡನ್ ಮಾರುಕಟ್ಟೆಯನ್ನು ನೋಡುತ್ತೇವೆ. ಬೆಲೆ ಏರಿದಾಗ ಲಾಭವೂ ತೋಟದ ಬೆಲೆಯೂ ಜಮೀನಿದ್ದವನಿಗೆ ಸೇರುತ್ತವೆ. ತಲೆಮಾರುಗಳಿಂದ ಅದೇ ತೋಟಗಳಲ್ಲಿ ದುಡಿದ ಯರವ, ಜೇನುಕುರುಬ ಆದಿವಾಸಿಗಳು ಮಾತ್ರ ಲೈನ್‌ಮನೆಯಲ್ಲೇ ಇದ್ದಾರೆ: ಗೋಡೆಗೆ ಗೋಡೆ ತಾಗಿದ ಕೋಣೆಗಳ ಸಾಲು, ಮೇಲೆ ಶೀಟು, ಕೋಣೆಯೊಳಗೇ ಒಲೆ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಹಕ್ಕುಪತ್ರವಿಲ್ಲದವನಿಗೆ ಯಾವ ಬ್ಯಾಂಕೂ ಗೃಹಸಾಲ ಕೊಡುವುದಿಲ್ಲ. ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಅಂಥ ಸಾಲುಗಳಿಗೇ ಸೇರುತ್ತಿದ್ದಾರೆ.

ಲೈನ್‌ಮನೆ ಬಿಟ್ಟು ಬಂದ ಆದಿವಾಸಿ ಕುಟುಂಬಗಳು ಕೊಡಗಿನದೇ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಾಗ 2016ರ ಡಿಸೆಂಬರ್‌ನಲ್ಲಿ ಅವನ್ನು ಕೆಡವಲಾಯಿತು. ದೊಡ್ಡ ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ ಸಿಕ್ಕಿತು. ಅದು ಗೆಲುವೇ ಸರಿ, ಆದರೆ ಅಲ್ಲಿಯೂ ಅವರಿಗೆ ದೊರೆತದ್ದು ಬೇರೆಯದೇ ಕಾಲೊನಿ.