ಭಾರಿ ಮೈಕಟ್ಟಿನ ಕುದುರೆಗೆ ದೂರದ ಓಟವೇ?

ಪ್ರಶ್ನೆ: ನನ್ನ ಕುದುರೆ ಅರಬ್ಬಿ ತಳಿಯದಲ್ಲ, ಬಂಡಿ ಎಳೆಯುವ ಭಾರಿ ಮೈಕಟ್ಟಿನ ಮಿಶ್ರತಳಿ. ದೀರ್ಘದೂರದ ಸವಾರಿ ಸ್ಪರ್ಧೆಗೆ ಅದನ್ನು ಇಳಿಸಬಹುದೇ?

ಉತ್ತರ: ಧಾರಾಳವಾಗಿ ಇಳಿಸಬಹುದು. ಅಮೆರಿಕದ 160 ಕಿ.ಮೀ.ಗಳ ಟೆವಿಸ್ ಕಪ್‌ನಲ್ಲಿ ಹೇಸರಗತ್ತೆಗಳೂ ಗುರಿ ಮುಟ್ಟಿವೆ. ಆದರೆ ದಪ್ಪ ಸ್ನಾಯುಗಳಲ್ಲಿ ಹುಟ್ಟಿದ ಶಾಖ ಬೇಗ ಹೊರಹೋಗದ ಕಾರಣ, ಪಶುವೈದ್ಯರ ತಪಾಸಣೆಯಲ್ಲಿ ನಾಡಿಬಡಿತವು ನಿಗದಿತ ಅವಧಿಯೊಳಗೆ, ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ, ಇಳಿಯದೆ ಸ್ಪರ್ಧೆಯಿಂದ ಹೊರಬೀಳುವ ಸಂಭವ ಇಂಥ ಕುದುರೆಗೆ ಹೆಚ್ಚು. ಆದ್ದರಿಂದ ನಿಲುಗಡೆ ತಲುಪಿದೊಡನೆ ಜೀನು ಬಿಚ್ಚಿ, ಕತ್ತು, ಎದೆ ಮತ್ತು ಒಳತೊಡೆಗಳ ಮೇಲೆ ತಣ್ಣೀರನ್ನು ಮತ್ತೆ ಮತ್ತೆ ಸುರಿಯಿರಿ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಪು ಸುಮಾರು 2 ಸೆಕೆಂಡಿನೊಳಗೆ ಮಾಯವಾಗದಿದ್ದರೆ, ಗೆಲ್ಲುವ ಆಸೆಯನ್ನು (ಅದು ಕುದುರೆಗಿಲ್ಲ, ಸವಾರನಿಗೆ ಮಾತ್ರ) ಅಲ್ಲೇ ಕೈಬಿಟ್ಟು ವೈದ್ಯರನ್ನು ಕರೆಯಿರಿ. ಮೊದಲ ವರ್ಷ 40 ಕಿ.ಮೀ.ಗಳ ಸವಾರಿಗಳೇ ಸಾಕು. ಜೀನು ಆ ಅಗಲ ಬೆನ್ನಿಗೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಅಭ್ಯಾಸಕ್ಕೆ ಮುನ್ನವೇ ಪರೀಕ್ಷಿಸಿಕೊಳ್ಳಿ.