ನೆಲಮಹಡಿಯವರು ಲಿಫ್ಟಿಗೆ ಹಣ ಕೊಡಬೇಕೇ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ಬರೆದಿದ್ದಾರೆ: "ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನಾನೂ ನನ್ನ ಪತ್ನಿಯೂ ಇದ್ದೇವೆ. ಲಿಫ್ಟಿನ ಹಗ್ಗ ಬದಲಿಸಲು ಮನೆಗೆ ಎಂಟು ಸಾವಿರ ರೂಪಾಯಿ ಕೊಡಬೇಕೆಂದು ಸಂಘದವರು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದಾರೆ. ನಾವು ಲಿಫ್ಟ್ ಹತ್ತುವುದೇ ಇಲ್ಲ. ಬಳಸದ್ದಕ್ಕೆ ಹಣ ಕೊಡುವುದು ಯಾವ ನ್ಯಾಯ? ಭಾನುವಾರದ ಸಭೆಗೆ ಹೋಗಬಾರದೆಂದು ತೀರ್ಮಾನಿಸಿದ್ದೇನೆ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ದುಂಡನೆಯ ಅಕ್ಷರ ನೋಡಿಯೇ ಸಂತೋಷವಾಯಿತು. ಪತ್ರದ ತಿರುಳು ಮಾತ್ರ ಸಂತೋಷ ಕೊಡಲಿಲ್ಲ.

ನಿಮ್ಮ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಸಭೆಯಲ್ಲಿ ಮಾತಾಡುವ ಮೊದಲೇ, ಎರಡು ಮೂರು ಕಡೆ ದರ ವಿಚಾರಿಸದೆ, ಮೊಬೈಲಿನಲ್ಲಿ ಒಂದು ಸಾಲು ಹಾಕಿ ಹಣ ಕೇಳುವುದು ತಪ್ಪು. ಲೆಕ್ಕ ಕೇಳುವ ಹಕ್ಕು ನಿಮಗಿದೆ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಹಗ್ಗ, ಮೋಟಾರು ಸೇರಿವೆಯೇ ಇಲ್ಲವೇ ಎಂಬುದನ್ನೂ ಕೇಳಿ. ಎಷ್ಟೋ ಕರಾರುಗಳು ಎಣ್ಣೆ ಹಾಕಿ ಒರೆಸುವುದಕ್ಕಷ್ಟೇ ಇರುತ್ತವೆ.

ಆದರೆ ಬಳಸದ್ದಕ್ಕೆ ಕೊಡಲಾರೆ ಎಂಬ ವಾದವನ್ನು ನಾನು ಒಪ್ಪಲಾರೆ. ಕಾನೂನೂ ಒಪ್ಪುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಲಿಫ್ಟು, ಟ್ಯಾಂಕು, ಮೋಟಾರು, ಮೆಟ್ಟಿಲು, ಛಾವಣಿ ಎಲ್ಲವನ್ನೂ ಸಾಮಾನ್ಯ ಸ್ವತ್ತು ಎಂದೇ ಎಣಿಸುತ್ತದೆ. ನಾನು ಬಳಸುವುದಿಲ್ಲ ಎಂದಾಗಲಿ, ಮನೆಯನ್ನೇ ಬಿಟ್ಟು ಹೋಗಿದ್ದೇನೆ ಎಂದಾಗಲಿ ಹೇಳಿ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳಲು ಅದರಲ್ಲಿ ಅವಕಾಶವಿಲ್ಲ. ನಿಮ್ಮ ಕ್ರಯಪತ್ರವನ್ನು ಬೀರುವಿನಿಂದ ತೆಗೆದು ನೋಡಿ. ಜಾಗದಲ್ಲಿ ನಿಮಗಿರುವ ಅವಿಭಾಜ್ಯ ಹಕ್ಕು ಎಷ್ಟೆಂದು ಬರೆದಿರುತ್ತದೆ. ಖರ್ಚು ಹಂಚಿಕೆಯಾಗಬೇಕಾದದ್ದು ಆ ಪಾಲಿನ ಪ್ರಕಾರ. ಒಂದು ಕೋಣೆಯ ಮನೆಗೂ ಮೂರು ಕೋಣೆಯ ಮನೆಗೂ ಒಂದೇ ಎಂಟು ಸಾವಿರ ಎಂದಿದ್ದರೆ ಪ್ರಶ್ನಿಸಿ, ನಾನೂ ನಿಮ್ಮ ಜೊತೆಗಿದ್ದೇನೆ.

ಕಾಯ್ದೆಯನ್ನು ಬದಿಗಿಟ್ಟು ನಿಮ್ಮ ಕಟ್ಟಡದ ಕೊಳವೆಗಳನ್ನು ನೋಡೋಣ. ಮೂರನೆಯ ಮಹಡಿಯ ಬಚ್ಚಲು, ಎರಡನೆಯದು, ಒಂದನೆಯದು, ಎಲ್ಲದರ ನೀರೂ ನಿಮ್ಮ ಕಿಟಕಿಯ ಪಕ್ಕದ ಚೇಂಬರಿಗೇ ಇಳಿಯುತ್ತದೆ. ಮೇಲಿನವರು ಎಣ್ಣೆ ಜಿಡ್ಡು, ಬಟ್ಟೆ ಚೂರು, ಮಗುವಿನ ಡೈಪರು ಹಾಕಿದರೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ನೀರು ಮೇಲಕ್ಕೆ ಹೋಗುವುದಿಲ್ಲ, ನಿಮ್ಮ ಬಚ್ಚಲಿನಲ್ಲಿ ಉಕ್ಕುತ್ತದೆ. ಸರಸ್ವತೀಪುರದಲ್ಲಿ ನಾನಿದ್ದ ಕಟ್ಟಡದಲ್ಲಿ ಒಂದು ಜುಲೈ ತಿಂಗಳ ರಾತ್ರಿ ಹೀಗೆಯೇ ಆಯಿತು. ನೆಲಮಹಡಿಯ ವೃದ್ಧೆ ಒಬ್ಬರೇ ಬಕೆಟ್ಟಿನಲ್ಲಿ ಕೊಳಕು ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಚೇಂಬರು ಶುಚಿ ಮಾಡಿಸಲು ಹಣ ಕೇಳಿದಾಗ ಮೇಲಿನ ಮನೆಯವರೊಬ್ಬರು, "ನಮ್ಮ ಮನೆಯಲ್ಲಿ ನೀರು ಚೆನ್ನಾಗಿಯೇ ಹೋಗುತ್ತಿದೆಯಲ್ಲ" ಎಂದರು. ನಿಮ್ಮ ಪತ್ರ ಓದುವಾಗ ನನಗೆ ಕೇಳಿಸಿದ್ದು ಅದೇ ಮಾತು. ಇಲ್ಲಿ ಮಹಡಿ ಮಾತ್ರ ಬೇರೆ.

ನಮ್ಮ ಹಿರಿಯರಿಗೆ ಈ ತಿಳಿವಳಿಕೆ ಇತ್ತು. ಹಳೆ ಮೈಸೂರಿನ ಕೆರೆ ಕೆಳಗಿನ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ತೆರೆಯುವುದು, ಗದ್ದೆಯಿಂದ ಗದ್ದೆಗೆ ಸರದಿಯ ಮೇಲೆ ನೀರು ಹಾಯಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಅವನಿಗೆ ಪೈರಿನ ಪಾಲು ಕೊಡುತ್ತಿದ್ದರು. ತೂಬಿನ ಬಾಯಲ್ಲೇ ಗದ್ದೆ ಇದ್ದವನು "ನನಗೆ ನೀರು ತಾನಾಗಿ ಬರುತ್ತದೆ" ಎಂದು ಕೈಬಿಗಿ ಹಿಡಿದಿದ್ದರೆ ಕಡೆಯ ಗದ್ದೆ ಒಣಗುತ್ತಿತ್ತು. ಈಗ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮಳವಳ್ಳಿ, ಮದ್ದೂರಿನ ಕಡೆಯವರನ್ನು ಕೇಳಿ ನೋಡಿ, ಮೇಲಿನವರು ಕೆಳಗಿನವರನ್ನು ಮರೆತರೆ ಏನಾಗುತ್ತದೆಂದು ಹೇಳುತ್ತಾರೆ.

ನನ್ನ ಸಂಕಟ ನಿಮ್ಮ ಲಿಫ್ಟಿನದಷ್ಟೇ ಅಲ್ಲ. ಎಲ್ಲರ ಸ್ವತ್ತು ಎಂದರೆ ಯಾರದೂ ಅಲ್ಲ ಎಂಬ ಬುದ್ಧಿ ನಮಗೆ ಎಲ್ಲಿಂದ ಬಂತು? ಮಗ ಓದುವುದು ಖಾಸಗಿ ಶಾಲೆಯಲ್ಲಿ, ಆದ್ದರಿಂದ ಸರ್ಕಾರಿ ಶಾಲೆಯ ಹೆಂಚು ಬಿದ್ದರೆ ನಮಗೇನು. ಮನೆಯಲ್ಲಿ ಕೊಳವೆಬಾವಿ ಇದೆ, ಆದ್ದರಿಂದ ಬೀದಿ ನಲ್ಲಿ ಒಣಗಿದರೆ ನಮಗೇನು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗ್ಗೆ ನೂರಾರು ಮಂದಿ ನಡೆಯುತ್ತೇವೆ. ಅದಕ್ಕೆ ಮಳೆನೀರು ಬರುವ ಕಾಲುವೆಯ ಮೇಲೆ ಕಟ್ಟಡ ಏಳುವಾಗ ನಮ್ಮಲ್ಲಿ ಎಷ್ಟು ಜನ ಬಾಯಿ ತೆರೆದೆವು? ಗೇಟಿನ ಒಳಗಿನ ಹನ್ನೆರಡು ಮನೆಗಳಲ್ಲೇ ಕೂಡಿ ಬಾಳುವುದು ಬಾರದಿದ್ದರೆ ಊರಿನ ಕೆರೆಯನ್ನು ಉಳಿಸುವವರು ಯಾರು?

ಇರಲಿ, ನಿಮ್ಮ ಕೆಲಸಕ್ಕೆ ಬರುತ್ತೇನೆ. ಸಭೆಗೆ ಖಂಡಿತ ಹೋಗಿ. ನಾಲ್ಕು ದಶಕ ಹಾಜರಿ ಕರೆದವರು ನೀವೇ ಗೈರುಹಾಜರಾಗಬಾರದು. ಲಿಫ್ಟಿನ ಪಾಲನ್ನು ಕ್ರಯಪತ್ರದ ಲೆಕ್ಕಕ್ಕೆ ಸರಿಹೊಂದಿಸಿ ಕೊಡುತ್ತೇನೆ ಎನ್ನಿ, ರಸೀದಿ ಪಡೆಯಿರಿ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಮೀಸಲು ನಿಧಿಗೆ ಎತ್ತಿಡಲು ಒತ್ತಾಯಿಸಿ. ಹಾಗಿದ್ದಿದ್ದರೆ ಈ ಎಂಟು ಸಾವಿರ ಒಮ್ಮೆಲೇ ತಲೆಯ ಮೇಲೆ ಬೀಳುತ್ತಿರಲಿಲ್ಲ. ಸಂಪು, ಮೇಲಿನ ಟ್ಯಾಂಕು ತೊಳೆಯುವ ದಿನವನ್ನು ನೋಟಿಸ್ ಬೋರ್ಡಿನಲ್ಲಿ ಬರೆಸಿ. ಬಾಡಿಗೆಗೆ ಕೊಟ್ಟು ಹೊರದೇಶದಲ್ಲಿರುವ ಮಾಲೀಕರಿಗೂ ಲೆಕ್ಕದ ಪ್ರತಿ ಹೋಗಲಿ.

ಇನ್ನು ಆ ಚೇಂಬರು. ಮುಂಗಾರು ಹಿಡಿಯುವ ಮೊದಲು ಮುಚ್ಚಳ ತೆಗೆಸಿ, ಮೂರನೆಯ ಮಹಡಿಯವರನ್ನೂ ಕೆಳಗೆ ಕರೆಸಿ ತೋರಿಸಿ. ರಕ್ಷಣಾ ಸಾಧನವಿಲ್ಲದೆ ಒಳಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ, ಯಂತ್ರದ ಗಾಡಿಯನ್ನೇ ಕರೆಸಿ. ಅದರ ಬಿಲ್ಲನ್ನೂ ಹನ್ನೆರಡು ಮನೆಗಳ ಲೆಕ್ಕಕ್ಕೇ ಬರೆಸಿ.