ಅಟ್ಟದಲ್ಲಿ ಸಿಕ್ಕ ಚಿತ್ತಾರದ ಗ್ಲಾಸುಗಳು

ಪ್ರಶ್ನೆ: ಕೌಲ್ ಬಜಾರಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಚಿನ್ನದ ಬಣ್ಣದ ಎಲೆಗಳ ಚಿತ್ತಾರವಿರುವ ಆರು ಕಾಕ್‌ಟೇಲ್ ಗ್ಲಾಸುಗಳು ದೊರೆತಿವೆ. ತಳದಲ್ಲಿ ಗುರಾಣಿಯೊಳಗೆ ‘ಎಫ್’ ಅಕ್ಷರವಿದೆ. ಇವು ಯಾವ ಕಾಲದವು?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಆ ಗುರುತು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದ್ದ ಫೆಡರಲ್ ಗ್ಲಾಸ್ ಕಂಪನಿಯದು, ಆ ಕಾರ್ಖಾನೆ 1979ರಲ್ಲಿ ಮುಚ್ಚಿದ್ದರಿಂದ ನಿಮ್ಮ ಗ್ಲಾಸುಗಳು ಅದಕ್ಕಿಂತ ಈಚಿನವಾಗಿರಲಾರವು. ಆದರೆ ತಳದ ಗುರುತು ಗಾಜನ್ನು ತಯಾರಿಸಿದವರನ್ನಷ್ಟೇ ಹೇಳುತ್ತದೆ. ಖಾಲಿ ಗ್ಲಾಸುಗಳನ್ನು ಕೊಂಡು ಚಿತ್ತಾರ ಮಾಡಿಸಿ ಮಾರುತ್ತಿದ್ದ ಬೇರೆ ಸಂಸ್ಥೆಗಳೂ ಇದ್ದುವು. ಅಂಥವರ ಸಹಿ ಕೆಲವೊಮ್ಮೆ ಚಿತ್ತಾರದ ಅಂಚಿನಲ್ಲಿಯೇ ಅಡಗಿರುವುದರಿಂದ ಭೂತಗನ್ನಡಿ ಹಿಡಿದು ನೋಡಿರಿ. ಬಳಸಿದ ಗ್ಲಾಸಿನಲ್ಲಿ ಬಾಯಂಚಿನ ಚಿನ್ನ ಅಲ್ಲಲ್ಲಿ ಸವೆದಿರುವುದು ಸಹಜ. ತೊಳೆಯುವಾಗ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹೊಳಪು ಬರುವುದಿರಲಿ, ಚಿತ್ತಾರವೇ ಹೋದೀತು.